ಕೋಳಿಯ ಕರುಳಿನ ಕಿರುಜಗತ್ತು

ಹಿತ್ತಿಲಿನ ತಿಪ್ಪೆಯನ್ನು ಕೆದಕಿ ಕಾಳು, ಹುಳು, ಹುಲ್ಲಿನ ಬೀಜಗಳನ್ನು ಹೆಕ್ಕಿ ತಿನ್ನುವ ಕೋಳಿಯು ಮಾನವನ ಬಹು ಹಳೆಯ ಸಂಗಾತಿಗಳಲ್ಲಿ ಒಂದು. ಭಾರತ ಮತ್ತು ಆಗ್ನೇಯ ಏಷ್ಯದ ಕಾಡುಗಳಲ್ಲಿ ಇಂದಿಗೂ ಬದುಕಿರುವ ಕೆಂಪು ಕಾಡುಕೋಳಿಯೇ ಅದರ ಪೂರ್ವಜ. ಸಾವಿರಾರು ವರ್ಷಗಳ ಹಿಂದೆ ಮನೆಯಂಗಳಕ್ಕೆ ಬಂದು ನೆಲೆಸಿದ ಈ ಹಕ್ಕಿಯನ್ನು ಇಂದು ಸಾಕದ ದೇಶವೇ ಇಲ್ಲವೆನ್ನಬಹುದು. ಮೇಲುನೋಟಕ್ಕೆ ಕೋಳಿಯು ತನ್ನೊಂದು ಹೊಟ್ಟೆಗಾಗಿಯೇ ಆಹಾರವನ್ನು ಅರಸುತ್ತಿರುವಂತೆ ಕಾಣುತ್ತದೆ. ಆದರೆ ವಸ್ತುಸ್ಥಿತಿ ಹಾಗಿಲ್ಲ. ಅದು ನುಂಗುವ ಪ್ರತಿಯೊಂದು ಕಾಳಿನಲ್ಲಿಯೂ ಬೇರೆಯವರ ಪಾಲಿದೆ. ಕಣ್ಣಿಗೆ ಕಾಣದ ಕೋಟಿ ಕೋಟಿ ಬ್ಯಾಕ್ಟೀರಿಯಗಳು ಅದರ ಕರುಳಿನಲ್ಲಿ ಮನೆಮಾಡಿಕೊಂಡಿವೆ. ಕೋಳಿಯ ಆರೋಗ್ಯ, ಅದನ್ನು ಸಾಕುವ ರೈತನ ಆದಾಯ, ಅಷ್ಟೇ ಏಕೆ, ಮನುಷ್ಯರಿಗೆ ರೋಗ ಬಂದಾಗ ಕೊಡುವ ಔಷಧಿಗಳ ಶಕ್ತಿ ಕೂಡ ಈ ಕಿರುಜೀವಿಗಳಿಗೆ ಏನು ಉಣಬಡಿಸಲಾಗುತ್ತಿದೆ ಎಂಬುದನ್ನು ಒಂದು ಮಟ್ಟಿಗೆ ಅವಲಂಬಿಸಿದೆ.

ಈ ಕಿರುಜಗತ್ತನ್ನು ಅರಿಯಬೇಕಾದರೆ ಮೊದಲು ಕೋಳಿಯ ಅನ್ನನಾಳದ ದಾರಿಯಲ್ಲಿ ಒಮ್ಮೆ ಸಾಗಿಬರಬೇಕು. ಕೋಳಿಗೆ ಹಲ್ಲುಗಳಿಲ್ಲ. ಅದು ನುಂಗಿದ ಕಾಳು ಮೊದಲು ಕತ್ತಿನ ಬುಡದಲ್ಲಿರುವ ಒಂದು ಚೀಲವನ್ನು ಸೇರಿ, ಅಲ್ಲಿ ನೆನೆದು ಮೆತ್ತಗಾಗುತ್ತದೆ. ಅನಂತರ ಆಮ್ಲವನ್ನೂ ಜೀರ್ಣರಸವನ್ನೂ ಸುರಿಸುವ ಮೊದಲ ಜಠರಕ್ಕೆ ಬರುತ್ತದೆ. ಅದರ ಹಿಂದೆಯೇ ಗಟ್ಟಿ ಸ್ನಾಯುಗಳಿಂದಾದ ಎರಡನೆಯ ಜಠರವಿದೆ. ಕೋಳಿ ನುಂಗಿದ ಮರಳು, ಸಣ್ಣ ಕಲ್ಲುಗಳು ಅಲ್ಲಿ ಬೀಸುವ ಕಲ್ಲಿನ ಕೆಲಸವನ್ನು ಮಾಡುತ್ತವೆ. ಹೀಗೆ ಹಿಟ್ಟಾದ ಆಹಾರವು ಸಣ್ಣಕರುಳಿಗೆ ಹರಿದಾಗ ಕಿಣ್ವಗಳು ಅದನ್ನು ಒಡೆದು ಹೀರಲು ಯೋಗ್ಯವಾಗುವಂತೆ ಮಾಡುತ್ತವೆ. ಸಣ್ಣಕರುಳು ಮುಗಿಯುವ ಕಡೆ ಎರಡೂ ಪಕ್ಕಕ್ಕೆ ಒಂದೊಂದು ನೀಳವಾದ ಚೀಲವಿದೆ. ಒಂದು ತುದಿ ಮುಚ್ಚಿಕೊಂಡಿರುವುದರಿಂದ ಇವುಗಳಿಗೆ ಕುರುಡುಕರುಳು ಎಂದು ಹೆಸರು. ಜೀರ್ಣವಾಗದೆ ಉಳಿದುದರಲ್ಲಿ ನುಣ್ಣನೆಯ ಭಾಗವೂ ದ್ರವವೂ ಈ ಚೀಲಗಳನ್ನು ಹೊಕ್ಕು ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತವೆ.

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಷಿಯಸ್. ಬೆಚ್ಚನೆಯ, ತೇವವುಳ್ಳ, ಆಮ್ಲಜನಕವಿಲ್ಲದ, ಮೇಲಿನಿಂದ ಆಹಾರ ತಾನಾಗಿಯೇ ಬಂದು ಬೀಳುವ ಕುರುಡುಕರುಳಿಗಿಂತ ಉತ್ತಮವಾದ ವಸತಿ ಬ್ಯಾಕ್ಟೀರಿಯಗಳಿಗೆ ದೊರೆಯುವುದು ಅಪರೂಪ. ಅಲ್ಲಿರುವ ಒಂದು ಗ್ರಾಂ ತೂಕದ ಪದಾರ್ಥದಲ್ಲಿ ಅವುಗಳ ಸಂಖ್ಯೆ 1,000 ಕೋಟಿಯನ್ನೂ ಮೀರಬಲ್ಲದು. ಎಲ್ಲ ಕಡೆಗಳಲ್ಲಿಯೂ ಒಂದೇ ಬಗೆಯ ಬ್ಯಾಕ್ಟೀರಿಯಗಳು ಇರುವುದಿಲ್ಲ. ಕತ್ತಿನ ಚೀಲದಲ್ಲಿಯೂ ಸಣ್ಣಕರುಳಿನಲ್ಲಿಯೂ, ಹಾಲನ್ನು ಹುಳಿಮಾಡಿ ಮೊಸರಾಗಿಸುವ ಬ್ಯಾಕ್ಟೀರಿಯಗಳ ಬಳಗಕ್ಕೆ ಸೇರಿದ ಲ್ಯಾಕ್ಟೊಬ್ಯಾಸಿಲಸ್‌ಗಳು ಹೆಚ್ಚು. ಕುರುಡುಕರುಳಿನಲ್ಲಿಯಾದರೋ ಆಮ್ಲಜನಕವನ್ನು ಸಹಿಸದ ನೂರಾರು ಜಾತಿಯ ಬ್ಯಾಕ್ಟೀರಿಯಗಳು ಒತ್ತೊತ್ತಾಗಿ ವಾಸಿಸುತ್ತವೆ.

ಮೊಟ್ಟೆಯೊಡೆದು ಹೊರಬರುವ ಮರಿಯ ಕರುಳಿನಲ್ಲಿ ಇವು ಇರುವುದಿಲ್ಲವೆಂದೇ ಹೇಳಬಹುದು. ಆದರೆ ಕೆಲವೇ ಗಂಟೆಗಳಲ್ಲಿ ನೆಲ, ನೀರು, ಆಹಾರಗಳ ಮೂಲಕ ಬ್ಯಾಕ್ಟೀರಿಯಗಳು ಒಳಹೊಕ್ಕು ಜಾಗ ಹಿಡಿಯತೊಡಗುತ್ತವೆ. ತಾಯಿಯ ಹಿಂದೆ ಓಡಾಡುವ ಮರಿಯು ತಾಯಿ ಕೆದಕಿದ ನೆಲದಿಂದಲೇ ಈ ಬಳುವಳಿಯನ್ನು ಪಡೆಯುತ್ತದೆ. ಯಂತ್ರದ ಕಾವಿನಲ್ಲಿ ಹುಟ್ಟಿ ತಾಯಿಯನ್ನೇ ಕಾಣದ ಮರಿಗಳಿಗೆ ಈ ಭಾಗ್ಯವಿಲ್ಲ. ಅವುಗಳ ಬರಿದಾದ ಕರುಳನ್ನು ಯಾವ ಬ್ಯಾಕ್ಟೀರಿಯ ಬೇಕಾದರೂ ಮೊದಲು ಬಂದು ಆಕ್ರಮಿಸಬಹುದು. 1971ರಲ್ಲಿ ಫಿನ್ಲೆಂಡ್ ದೇಶದ ಕೋಳಿಗಳಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ವ್ಯಾಪಕವಾಗಿ ಹರಡಿತು. ಆ ಸಂದರ್ಭದಲ್ಲಿ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಪದಾರ್ಥವನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕೊಟ್ಟು ನೋಡಿದರು. ಅಂತಹ ಮರಿಗಳಲ್ಲಿ ಸಾಲ್ಮೊನೆಲ್ಲ ಸುಲಭವಾಗಿ ನೆಲೆಯೂರಲಾರದೆ ಹೋಯಿತು. 1973ರಲ್ಲಿ ಪ್ರಕಟವಾದ ಈ ಪ್ರಯೋಗವು ಒಂದು ದೊಡ್ಡ ಸತ್ಯವನ್ನು ಸಾರಿತು. ಒಳ್ಳೆಯ ಒಕ್ಕಲು ತುಂಬಿರುವ ಊರಿನಲ್ಲಿ ಕಳ್ಳರಿಗೆ ಜಾಗ ಸಿಗುವುದಿಲ್ಲ; ಕರುಳಿನ ವಿಷಯದಲ್ಲಿಯೂ ಹಾಗೆಯೇ.

ಬ್ಯಾಕ್ಟೀರಿಯಗಳಿಲ್ಲದೆ ಪ್ರಾಣಿ ಬದುಕಬಲ್ಲುದೇ ಎಂಬ ಪ್ರಶ್ನೆ ಇದಕ್ಕಿಂತಲೂ ಹಳೆಯದು. ಅದು ಅಸಾಧ್ಯವಾಗಬಹುದೆಂದು ಫ್ರಾನ್ಸಿನ ಲೂಯಿ ಪಾಸ್ಚರ್ 1885ರಲ್ಲಿ ಊಹಿಸಿದ್ದನು. ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ವಿಜ್ಞಾನಿಗಳು ಕೋಳಿಮರಿಯನ್ನೇ ಆರಿಸಿಕೊಂಡುದು ಸಹಜವಾಗಿತ್ತು. ಮೊಟ್ಟೆಯ ಚಿಪ್ಪನ್ನು ಹೊರಗಿನಿಂದ ಶುದ್ಧಿಮಾಡಿದರೆ ಮರಿಯು ರೋಗಾಣುರಹಿತವಾದ ಪೆಟ್ಟಿಗೆಯಲ್ಲಿ ಹುಟ್ಟುವಂತೆ ಮಾಡಬಹುದು. ಜರ್ಮನಿಯ ಶಾಟ್ಟೇಲಿಯಸ್ ಎಂಬಾತನು ಹೀಗೆ ಸಾಕಿದ ಮರಿಗಳು ಸೊರಗಿ ಸತ್ತವು. ಆದರೆ 1912ರಲ್ಲಿ ಪ್ಯಾರಿಸ್ಸಿನ ಮಿಷೆಲ್ ಕೊಹೆಂಡಿಯು ಬ್ಯಾಕ್ಟೀರಿಯಗಳ ಸೋಂಕಿಲ್ಲದ ಮರಿಗಳನ್ನು ಕೆಲವು ವಾರಗಳವರೆಗೆ ಬದುಕಿಸಿ ತೋರಿಸಿದನು. ಆಹಾರದಲ್ಲಿ ಎಲ್ಲ ಪೋಷಕಾಂಶಗಳೂ ಇದ್ದರೆ ಬ್ಯಾಕ್ಟೀರಿಯಗಳಿಲ್ಲದೆಯೂ ಕೋಳಿ ಬದುಕಬಲ್ಲುದೆಂದು ಮುಂದಿನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆದರೆ ಅಂತಹ ಬದುಕು ಗಾಜಿನ ಪೆಟ್ಟಿಗೆಯೊಳಗಿನ ಬದುಕು. ನಿಜವಾದ ಜಗತ್ತಿನಲ್ಲಿ ಬ್ಯಾಕ್ಟೀರಿಯಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಅವುಗಳೊಡನೆ ಬಾಳುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬಹುಮಟ್ಟಿಗೆ ಆಹಾರದಲ್ಲಿಯೇ ಇದೆ.

ಪ್ರಾಣಿಗಳ ಆಹಾರದಲ್ಲಿ ಶರ್ಕರಪಿಷ್ಟ, ಕೊಬ್ಬು, ಸಸಾರಜನಕ, ಖನಿಜ, ಜೀವಸತ್ವಗಳು ಮುಖ್ಯವಾದುವು. ಇವುಗಳಲ್ಲಿ ಸಸಾರಜನಕವು ಶರೀರವನ್ನು ಕಟ್ಟುವ ಸಾಮಗ್ರಿ. ಕೋಳಿಯ ಮಾಂಸ, ರಕ್ತ, ಪುಕ್ಕ, ಮೊಟ್ಟೆಯ ಬಿಳಿಯ ಭಾಗ ಎಲ್ಲದರಲ್ಲಿಯೂ ಅದು ಇದೆ. ಸಸಾರಜನಕದ ದೊಡ್ಡ ಅಣುವು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳನ್ನು ಸರದಂತೆ ಪೋಣಿಸಿ ಆದುದು. ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಭಾಷೆಯ ಎಲ್ಲ ಪದಗಳೂ ಹುಟ್ಟುವಂತೆ, ಇಪ್ಪತ್ತು ಅಮೈನೋ ಆಮ್ಲಗಳ ಬೇರೆ ಬೇರೆ ಜೋಡಣೆಯಿಂದ ಜೀವಿಗಳ ಲೆಕ್ಕವಿಲ್ಲದಷ್ಟು ಸಸಾರಜನಕಗಳು ಹುಟ್ಟುತ್ತವೆ. ಇವುಗಳಲ್ಲಿ ಕೆಲವನ್ನು ಕೋಳಿಯು ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲುದು. ಸುಮಾರು ಹತ್ತನ್ನು ಮಾತ್ರ ಅದು ಆಹಾರದಿಂದಲೇ ಪಡೆಯಬೇಕು. ಲೈಸೀನ್, ಮಿಥಿಯೊನೀನ್, ಥ್ರಿಯೊನೀನ್, ಟ್ರಿಪ್ಟೊಫೇನ್, ಆರ್ಜಿನೀನ್ ಮೊದಲಾದುವು ಈ ಗುಂಪಿಗೆ ಸೇರಿವೆ. ಇವುಗಳಿಗೆ ಅವಶ್ಯಕ ಅಮೈನೋ ಆಮ್ಲಗಳೆಂದು ಹೆಸರು.

ಅವಶ್ಯಕ ಎಂಬ ಮಾತಿನ ಅರ್ಥವನ್ನು ಅಮೆರಿಕದ ಆಸ್‌ಬೋರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು 1914ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಸ್ಪಷ್ಟಪಡಿಸಿದರು. ಮುಸುಕಿನ ಜೋಳದಿಂದ ತೆಗೆದ ಒಂದು ಸಸಾರಜನಕವನ್ನೇ ತಿಂದ ಇಲಿಗಳು ಸೊರಗಿದವು. ಅದಕ್ಕೆ ಟ್ರಿಪ್ಟೊಫೇನನ್ನು ಬೆರೆಸಿದಾಗ ಬದುಕುಳಿದವು. ಲೈಸೀನನ್ನೂ ಸೇರಿಸಿದಾಗ ಬೆಳೆದವು. ಐದು ಬಣ್ಣದ ಹೂಗಳನ್ನು ಒಂದು ಕ್ರಮದಲ್ಲಿ ಪೋಣಿಸಿ ಮಾಲೆ ಕಟ್ಟುವವಳ ಬುಟ್ಟಿಯಲ್ಲಿ ಒಂದು ಬಣ್ಣದ ಹೂ ತೀರಿಹೋದರೆ, ಉಳಿದ ನಾಲ್ಕು ಬಣ್ಣದ ಹೂಗಳು ರಾಶಿ ಬಿದ್ದಿದ್ದರೂ ಮಾಲೆ ಮುಂದುವರಿಯದು. ಅಮೈನೋ ಆಮ್ಲಗಳ ವಿಷಯದಲ್ಲಿಯೂ ಹೀಗೆಯೇ. ಅತ್ಯಂತ ಕಡಿಮೆಯಿರುವ ಒಂದೇ ಒಂದು ಅಮೈನೋ ಆಮ್ಲವು ಇಡೀ ಬೆಳವಣಿಗೆಗೆ ಮಿತಿಯನ್ನು ಹಾಕುತ್ತದೆ. ಉಳಿದುವನ್ನು ದೇಹವು ಮುಂದಿನ ದಿನಕ್ಕೆಂದು ಕೂಡಿಡಲಾರದು. ಅವುಗಳಲ್ಲಿರುವ ಸಾರಜನಕವನ್ನು ಯೂರಿಕ್ ಆಮ್ಲವನ್ನಾಗಿ ಮಾಡಿ ಹೊರಹಾಕುತ್ತದೆ. ಕೋಳಿಯ ಹಿಕ್ಕೆಯ ಮೇಲೆ ಕಾಣುವ ಬಿಳಿಯ ಪದಾರ್ಥವೇ ಅದು.

ದಾವಣಗೆರೆ, ಹಾವೇರಿ ಮೊದಲಾದ ಜಿಲ್ಲೆಗಳಲ್ಲಿ ಬೆಳೆಯುವ ಮುಸುಕಿನ ಜೋಳವೂ, ಬೀದರ್, ಬೆಳಗಾವಿಗಳ ಕಪ್ಪುನೆಲದಲ್ಲಿ ಬೆಳೆಯುವ ಸೋಯ ಅವರೆಯ ಹಿಂಡಿಯೂ ಕೋಳಿ ಆಹಾರದ ಮುಖ್ಯ ವಸ್ತುಗಳು. ಜೋಳದ ಸಸಾರಜನಕದಲ್ಲಿ ಲೈಸೀನ್ ಕಡಿಮೆ, ಸೋಯದಲ್ಲಿ ಅದು ಧಾರಾಳ. ಹೀಗೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಆದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಅದು ಗಂಧಕವನ್ನುಳ್ಳ ಮಿಥಿಯೊನೀನಿನ ಕೊರತೆ. ಮೈತುಂಬ ಪುಕ್ಕ ಹೊದೆಯಬೇಕಾದ ಹಕ್ಕಿಗೆ ಗಂಧಕವುಳ್ಳ ಅಮೈನೋ ಆಮ್ಲಗಳು ಹೆಚ್ಚಾಗಿ ಬೇಕು. ಈ ಮಿಥಿಯೊನೀನನ್ನು ಕಂಡುಹಿಡಿದ ಕಥೆಯೂ ಸ್ವಾರಸ್ಯವಾಗಿದೆ. 1922ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ ಅಮೆರಿಕದ ಮ್ಯೂಲರನು ಕೋಳಿಗೆ ಏನು ಬೇಕೆಂದು ಹುಡುಕುತ್ತಿರಲಿಲ್ಲ. ಒಂದು ಬಗೆಯ ರೋಗಾಣು ಬೆಳೆಯಲು ಯಾವ ಆಹಾರ ಬೇಕೆಂಬುದನ್ನು ಆತನು ಶೋಧಿಸುತ್ತಿದ್ದನು. ಹಾಲಿನ ಸಸಾರಜನಕದಿಂದ ಆತನಿಗೆ ಈ ಹೊಸ ಅಮೈನೋ ಆಮ್ಲ ದೊರೆಯಿತು. ಕೋಳಿಗೆ ಬೇಕಾದ ಪೋಷಕಾಂಶವೇ ಬ್ಯಾಕ್ಟೀರಿಯಕ್ಕೂ ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಯ ಊಟವಾದ ಮೇಲೆ ಎರಡನೆಯ ಪಂಕ್ತಿ ಕುಳಿತುಕೊಳ್ಳುತ್ತದೆ. ಕೋಳಿಯ ಕರುಳಿನಲ್ಲಿಯೂ ಸುಮಾರಾಗಿ ಇದೇ ಕ್ರಮವಿದೆ. ಸಣ್ಣಕರುಳಿನಲ್ಲಿ ಕೋಳಿಯದೇ ಮೊದಲ ಪಂಕ್ತಿ. ಉತ್ತಮ ಆಹಾರದಲ್ಲಿರುವ ಸಸಾರಜನಕದಲ್ಲಿ ಐದರಲ್ಲಿ ನಾಲ್ಕು ಪಾಲನ್ನು, ಕೆಲವು ವೇಳೆ ಅದಕ್ಕಿಂತ ಹೆಚ್ಚನ್ನು, ಅದು ಅಲ್ಲಿಯೇ ಜೀರ್ಣಿಸಿಕೊಂಡು ಹೀರುತ್ತದೆ. ಆ ಪಂಕ್ತಿಯಲ್ಲಿಯೂ ಲ್ಯಾಕ್ಟೊಬ್ಯಾಸಿಲಸ್‌ಗಳು ಪಕ್ಕದಲ್ಲಿ ಕುಳಿತು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಅನೇಕವು ಅಮೈನೋ ಆಮ್ಲಗಳನ್ನು ತಾವೇ ತಯಾರಿಸಿಕೊಳ್ಳಲಾರವು. ಅನಂತರ ಉಳಿದುದು ಕುರುಡುಕರುಳಿನ ಎರಡನೆಯ ಪಂಕ್ತಿಗೆ ಸೇರುತ್ತದೆ. ಆಹಾರದ ಉಳಿಕೆಯಲ್ಲದೆ ಕೋಳಿಯ ಜೀರ್ಣರಸ, ಕರುಳಿನ ಲೋಳೆ, ಸವೆದು ಉದುರಿದ ಜೀವಕೋಶಗಳು ಕೂಡ ಅಲ್ಲಿಗೆ ಬರುತ್ತವೆ. ಮತ್ತೊಂದು ಆಶ್ಚರ್ಯಕರವಾದ ಸಂಗತಿಯೂ ಇದೆ. ಹೊರಹೋಗಲು ಸಿದ್ಧವಾದ ಯೂರಿಕ್ ಆಮ್ಲದ ಒಂದು ಭಾಗವು ಕರುಳಿನ ಹಿಂಚಲನೆಯಿಂದ ಹಿಂದಕ್ಕೆ ಸಾಗಿ ಕುರುಡುಕರುಳನ್ನು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನೂ ಒಡೆದು ಅದರ ಸಾರಜನಕವನ್ನು ಬಳಸಿಕೊಳ್ಳುತ್ತವೆ.

ಎರಡನೆಯ ಪಂಕ್ತಿಗೆ ಏನು ಬಡಿಸಲಾಯಿತು ಎಂಬುದರ ಮೇಲೆ ಅಲ್ಲಿ ಯಾರು ಪ್ರಬಲರಾಗುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ನಾರು, ಪಿಷ್ಟಗಳು ಹೆಚ್ಚಾಗಿ ಬಂದರೆ ಅವುಗಳನ್ನು ಹುದುಗಿಸುವ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಅವು ಲ್ಯಾಕ್ಟಿಕ್, ಅಸಿಟಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ಈ ಆಮ್ಲಗಳು ಅನೇಕ ರೋಗಾಣುಗಳಿಗೆ ಒಗ್ಗುವುದಿಲ್ಲ. ಬ್ಯುಟಿರಿಕ್ ಆಮ್ಲವಂತೂ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರವೇ ಆಗುತ್ತದೆ. ಇದಕ್ಕೆ ಬದಲಾಗಿ ಜೀರ್ಣವಾಗದ ಸಸಾರಜನಕವೇ ಹೆಚ್ಚಾಗಿ ಬಂದರೆ ಹುದುಗುವಿಕೆಯ ಬದಲು ಕೊಳೆಯುವಿಕೆ ನಡೆಯುತ್ತದೆ. ಅಮೈನೋ ಆಮ್ಲಗಳನ್ನು ಒಡೆಯುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ಹೊರಬಿಡುತ್ತವೆ. ಟ್ರಿಪ್ಟೊಫೇನಿನಿಂದ ದುರ್ಗಂಧದ ಇಂಡೋಲ್, ಸ್ಕಟೋಲ್‌ಗಳೂ, ಟೈರೊಸೀನಿನಿಂದ ಫೀನಾಲಿನಂತಹ ವಸ್ತುಗಳೂ, ಗಂಧಕವುಳ್ಳ ಅಮೈನೋ ಆಮ್ಲಗಳಿಂದ ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೋಜನ್ ಸಲ್ಫೈಡ್ ಅನಿಲವೂ ಹುಟ್ಟುತ್ತವೆ. ಇಂತಹ ವಸ್ತುಗಳು ಮಿತಿಮೀರಿದರೆ ಕರುಳಿನ ಪದರಕ್ಕೆ ಪೆಟ್ಟು ಬೀಳುತ್ತದೆ.

ಈ ಕಾರಣದಿಂದ ಆಹಾರದಲ್ಲಿ ಸಸಾರಜನಕವು ಎಷ್ಟಿದೆ ಎಂಬುದಷ್ಟೇ ಅಲ್ಲದೆ, ಅದು ಎಷ್ಟು ಚೆನ್ನಾಗಿ ಜೀರ್ಣವಾಗುತ್ತದೆ ಎಂಬುದೂ ಮುಖ್ಯ. ಹಸಿ ಸೋಯ ಅವರೆಯಲ್ಲಿ ಜೀರ್ಣಕಿಣ್ವವನ್ನು ತಡೆಯುವ ಒಂದು ವಸ್ತುವಿದೆ. ಹದವಾಗಿ ಬಿಸಿಮಾಡಿದರೆ ಅದು ನಾಶವಾಗುತ್ತದೆ. ಕಾವು ಕಡಿಮೆಯಾದರೆ ಸಸಾರಜನಕವು ಜೀರ್ಣವಾಗದೆ ಕೆಳಗಿಳಿದು ಬ್ಯಾಕ್ಟೀರಿಯಗಳ ಪಾಲಾಗುತ್ತದೆ. ಕಾವು ಹೆಚ್ಚಾಗಿ ಹಿಂಡಿ ಸೀದುಹೋದರೆ ಲೈಸೀನು ಸಕ್ಕರೆಯ ಅಂಶಗಳೊಡನೆ ಕಟ್ಟಿಕೊಂಡು ಕೋಳಿಗೆ ದಕ್ಕದೆ ಹೋಗುತ್ತದೆ. ಅಡುಗೆಯ ಹದವನ್ನು ಬಲ್ಲ ಗೃಹಿಣಿಯ ಎಚ್ಚರವು ಕೋಳಿಯ ಆಹಾರವನ್ನು ತಯಾರಿಸುವವನಿಗೂ ಬೇಕು.

ಒಂದೊಂದು ಅಮೈನೋ ಆಮ್ಲವೂ ಬ್ಯಾಕ್ಟೀರಿಯಗಳ ಬಾಳನ್ನು ಹೇಗೆ ಬದಲಿಸಬಲ್ಲುದೆಂಬುದಕ್ಕೆ ಗ್ಲೈಸೀನ್ ಒಳ್ಳೆಯ ಉದಾಹರಣೆ. ಕೋಳಿಯ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ ಅಲ್ಪಸಂಖ್ಯೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಆಗ ಅದರಿಂದ ತೊಂದರೆಯಿಲ್ಲ. ಆದರೆ ಅನುಕೂಲವೊದಗಿದಾಗ ಅದು ಅತಿವೇಗವಾಗಿ ವೃದ್ಧಿಯಾಗುತ್ತದೆ. ಅದರ ಕೆಲವು ತಳಿಗಳು ವಿಷವನ್ನು ಸುರಿಸಿ ಕರುಳಿನ ಒಳಪದರವನ್ನೇ ಕೊಳೆಸುತ್ತವೆ. ಕೋಳಿಗಳು ಮಂಕಾಗಿ ಮೇವು ಬಿಡುತ್ತವೆ. ಕೆಲವು ಗಂಟೆಗಳಲ್ಲಿಯೇ ಸಾಯುವುದೂ ಉಂಟು. ಸಾಯದೆ ಉಳಿದುವು ಕೂಡ ತಿಂದ ಆಹಾರವನ್ನು ಮೈಗೂಡಿಸಿಕೊಳ್ಳಲಾರದೆ ಬಡಕಲಾಗುತ್ತವೆ. ಸಾಲ ಮಾಡಿ ಮರಿಗಳನ್ನೂ ಆಹಾರವನ್ನೂ ಕೊಂಡ ರೈತನಿಗೆ ಇದು ದೊಡ್ಡ ಪೆಟ್ಟು. ರಕ್ತಭೇದಿಯನ್ನು ಉಂಟುಮಾಡುವ ಐಮೀರಿಯ ಎಂಬ ಪರೋಪಜೀವಿಯು ಕರುಳನ್ನು ಗಾಯಗೊಳಿಸಿದಾಗ ಈ ರೋಗಕ್ಕೆ ಬಾಗಿಲು ತೆರೆದಂತಾಗುತ್ತದೆ. ಗಾಯದಿಂದ ಸೋರುವ ರಕ್ತದ್ರವದಲ್ಲಿರುವ ಸಸಾರಜನಕವು ಕ್ಲಾಸ್ಟ್ರಿಡಿಯಕ್ಕೆ ಹಬ್ಬದೂಟವಾಗುತ್ತದೆ.

ಈ ಬ್ಯಾಕ್ಟೀರಿಯದ ವಂಶವಾಹಿಗಳ ಪೂರ್ಣ ವಿವರವನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದಾಗ ಒಂದು ಗುಟ್ಟು ಹೊರಬಿದ್ದಿತು. ಅನೇಕ ಅಮೈನೋ ಆಮ್ಲಗಳನ್ನು ತಯಾರಿಸುವ ಸಲಕರಣೆಯೇ ಅದರಲ್ಲಿಲ್ಲ. ಅದು ಪರರ ಮನೆಯ ಅನ್ನವನ್ನೇ ನೆಚ್ಚಿ ಬದುಕಬೇಕು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಸಂಶೋಧಕರು ಕೋಳಿಗಳಿಗೆ ಬೇರೆ ಬೇರೆ ಮೂಲಗಳ ಸಸಾರಜನಕವನ್ನು ಕೊಟ್ಟು ಪರೀಕ್ಷಿಸಿದರು. ಮೀನಿನ ಪುಡಿಯನ್ನೋ ಮಾಂಸ ಮತ್ತು ಮೂಳೆಯ ಪುಡಿಯನ್ನೋ ಹೆಚ್ಚಾಗಿ ತಿಂದ ಕೋಳಿಗಳ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಹೆಚ್ಚಾಗಿತ್ತು. ಸೋಯದ ಸಸಾರಜನಕವನ್ನು ತಿಂದವುಗಳಲ್ಲಿ ಕಡಿಮೆಯಿತ್ತು. ಮೂಳೆ, ಚರ್ಮಗಳ ಸಸಾರಜನಕದಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲವೂ ಗ್ಲೈಸೀನೇ ಆಗಿರುವುದರಿಂದ ಸಂಶಯವು ಅದರ ಮೇಲೆ ಬಿದ್ದಿತು. ಆಹಾರದಲ್ಲಿ ಗ್ಲೈಸೀನನ್ನು ಕ್ರಮಕ್ರಮವಾಗಿ ಏರಿಸಿ ನೋಡಿದಾಗ ಕ್ಲಾಸ್ಟ್ರಿಡಿಯಂ ಹೆಚ್ಚಿ, ಲ್ಯಾಕ್ಟೊಬ್ಯಾಸಿಲಸ್‌ಗಳು ಕಡಿಮೆಯಾದುವೆಂದು 2005ರಲ್ಲಿ ಅವರು ವರದಿಮಾಡಿದರು. ಹೀಗೆ ಒಂದೇ ಒಂದು ಅಮೈನೋ ಆಮ್ಲದ ಪ್ರಮಾಣವು ಕರುಳಿನ ಎರಡು ಪಂಗಡಗಳ ಬಲಾಬಲವನ್ನು ಬದಲಿಸಿದುದು ಕಂಡುಬಂದಿತು.

ಹಾಗಾದರೆ ಗ್ಲೈಸೀನನ್ನು ಪೂರ್ತಿಯಾಗಿ ದೂರವಿಡಬಹುದಲ್ಲವೇ ಎಂದು ಕೇಳಬಹುದು. ಅದು ಸಾಧ್ಯವಿಲ್ಲ. ಯೂರಿಕ್ ಆಮ್ಲವನ್ನು ತಯಾರಿಸಲು ಕೋಳಿಗೆ ಗ್ಲೈಸೀನ್ ಬೇಕು. ಅದು ತನ್ನ ದೇಹದಲ್ಲಿ ಗ್ಲೈಸೀನನ್ನು ತಯಾರಿಸಬಲ್ಲುದಾದರೂ ಬೇಗಬೇಗನೆ ಬೆಳೆಯುವ ಮರಿಗೆ ಅಷ್ಟು ಸಾಲದು. ಆದುದರಿಂದ ಒಂದು ವಸ್ತುವನ್ನು ಒಳ್ಳೆಯದು, ಮತ್ತೊಂದನ್ನು ಕೆಟ್ಟದ್ದು ಎಂದು ವಿಂಗಡಿಸಿ ಬಿಡುವಂತಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಥ್ರಿಯೊನೀನಿನ ಪಾತ್ರವು ಬೇರೊಂದು ಬಗೆಯದು. ಕರುಳಿನ ಒಳಗೋಡೆಯ ಮೇಲೆ ತೆಳುವಾದ ಲೋಳೆಯ ಹೊದಿಕೆಯಿದೆ. ಬ್ಯಾಕ್ಟೀರಿಯಗಳು ನೇರವಾಗಿ ಜೀವಕೋಶಗಳನ್ನು ಮುಟ್ಟದಂತೆ ಅದು ಕಾಯುತ್ತದೆ. ಈ ಲೋಳೆಯ ಸಸಾರಜನಕದಲ್ಲಿ ಥ್ರಿಯೊನೀನ್ ಬಹಳವಾಗಿದೆ. ಆಹಾರದಲ್ಲಿ ಅದು ಕಡಿಮೆಯಾದರೆ ಲೋಳೆಯ ಉತ್ಪತ್ತಿಯೂ ಕುಗ್ಗುತ್ತದೆ. ಕೋಟೆಯ ಗೋಡೆ ಶಿಥಿಲವಾಗುತ್ತದೆ. ಇತ್ತ ಲೋಳೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಗಳೂ ಇವೆ. ಲೋಳೆಯ ಪ್ರಮಾಣ ಬದಲಾದಂತೆ ಅವುಗಳ ಸಂಖ್ಯೆಯೂ ಬದಲಾಗುತ್ತದೆ. ಇನ್ನು ಗ್ಲುಟಾಮಿನ್, ಗ್ಲುಟಾಮಿಕ್ ಆಮ್ಲಗಳು ಕರುಳಿನ ಜೀವಕೋಶಗಳಿಗೆ ಉರುವಲಿನಂತೆ ಒದಗುತ್ತವೆ. ಹೀಗೆ ಕೆಲವು ಅಮೈನೋ ಆಮ್ಲಗಳು ಬ್ಯಾಕ್ಟೀರಿಯಗಳಿಗೆ ನೇರವಾಗಿ ಆಹಾರವಾದರೆ, ಮತ್ತೆ ಕೆಲವು ಅವುಗಳು ವಾಸಿಸುವ ಮನೆಯ ಗೋಡೆ, ನೆಲಗಳನ್ನು ಕಟ್ಟುವ ಮೂಲಕ ಪರೋಕ್ಷವಾಗಿ ಪ್ರಭಾವ ಬೀರುತ್ತವೆ.

ಈ ತಿಳಿವಳಿಕೆಯು ಕೇವಲ ಕುತೂಹಲಕ್ಕಾಗಿ ಅಲ್ಲ. ಅದರ ಹಿಂದೆ ಒಂದು ಗಂಭೀರವಾದ ಅಗತ್ಯವಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟಾಕ್‌ಸ್ಟಡ್ ಮತ್ತು ಜೂಕ್ಸ್ ಎಂಬ ವಿಜ್ಞಾನಿಗಳು ಆರಿಯೊಮೈಸಿನ್ ಎಂಬ ಪ್ರತಿಜೀವಕ ಔಷಧಿಯನ್ನು ತಯಾರಿಸಿದ ಮೇಲೆ ಉಳಿಯುವ ಪದಾರ್ಥವನ್ನು ಮರಿಗಳಿಗೆ ಕೊಟ್ಟರು. ಅದರಲ್ಲಿರುವ ಒಂದು ಜೀವಸತ್ವದಿಂದ ಪ್ರಯೋಜನವಾದೀತೆಂಬುದು ಅವರ ನಿರೀಕ್ಷೆಯಾಗಿತ್ತು. ಆದರೆ ಮರಿಗಳು ನಿರೀಕ್ಷೆಗಿಂತ ಹೆಚ್ಚಾಗಿ ಬೆಳೆದುವು. ಅದಕ್ಕೆ ಅದರಲ್ಲಿ ಅಲ್ಪವಾಗಿ ಉಳಿದಿದ್ದ ಪ್ರತಿಜೀವಕವೇ ಕಾರಣವೆಂದು ತಿಳಿಯಿತು. ಅಂದಿನಿಂದ ರೋಗವಿಲ್ಲದ ಕೋಳಿಗಳಿಗೂ ದಿನದಿನವೂ ಸ್ವಲ್ಪ ಸ್ವಲ್ಪ ಪ್ರತಿಜೀವಕವನ್ನು ಆಹಾರದಲ್ಲಿ ಬೆರೆಸುವ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿತು. ಕ್ಲಾಸ್ಟ್ರಿಡಿಯಂನಂತಹ ಬ್ಯಾಕ್ಟೀರಿಯಗಳೂ ಇದರಿಂದ ಅಂಕೆಯಲ್ಲಿದ್ದುವು.

ಆದರೆ ಈ ಸುಲಭವಾದ ಉಪಾಯಕ್ಕೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು. ಅಲ್ಪ ಪ್ರಮಾಣದ ಔಷಧಿಯು ಸದಾ ಇರುವ ಕಡೆ, ಅದನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಗಳೇ ಉಳಿದು ಹೆಚ್ಚುತ್ತವೆ. ತಾಳಿಕೊಳ್ಳುವ ಗುಣವನ್ನು ಹೊತ್ತ ವಂಶವಾಹಿಯನ್ನು ಒಂದು ಬ್ಯಾಕ್ಟೀರಿಯ ಮತ್ತೊಂದಕ್ಕೆ ದಾಟಿಸಬಲ್ಲುದು. ಕೋಳಿಯ ಕರುಳಿನಲ್ಲಿ ಹುಟ್ಟಿದ ಈ ಗುಣ ಮಾಂಸ, ನೀರು, ಗೊಬ್ಬರಗಳ ಮೂಲಕ ಮನುಷ್ಯನ ರೋಗಾಣುಗಳಿಗೂ ತಲುಪಬಹುದು. ಆಗ ಕಾಯಿಲೆ ಬಿದ್ದ ಮಗುವಿಗೆ ವೈದ್ಯರು ಕೊಡುವ ಔಷಧಿ ನಾಟದೆ ಹೋಗುತ್ತದೆ. ಬೇರೆ ಔಷಧಿಗಳು ಸೋತಾಗ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನನ್ನು ಎದುರಿಸುವ, ಬ್ಯಾಕ್ಟೀರಿಯದಿಂದ ಬ್ಯಾಕ್ಟೀರಿಯಕ್ಕೆ ದಾಟಬಲ್ಲ ವಂಶವಾಹಿಯೊಂದು ಚೀನದಲ್ಲಿ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಪತ್ತೆಯಾದ ಸುದ್ದಿ 2015ರಲ್ಲಿ ಪ್ರಕಟವಾಯಿತು. ಬೆಳವಣಿಗೆಗಾಗಿ ಪ್ರತಿಜೀವಕಗಳನ್ನು ಬೆರೆಸುವುದನ್ನು ಸ್ವೀಡನ್ 1986ರಲ್ಲಿಯೇ ನಿಲ್ಲಿಸಿತ್ತು. ಐರೋಪ್ಯ ಒಕ್ಕೂಟದಲ್ಲಿ 2006ರ ಜನವರಿ 1ರಿಂದ ಅದು ಪೂರ್ತಿಯಾಗಿ ನಿಷಿದ್ಧವಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನನ್ನು ಕೊಡುವುದನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಔಷಧಿಯ ಕಾವಲು ತೆಗೆದ ಮೇಲೆ ಕೋಳಿಯ ಕರುಳನ್ನು ಕಾಯುವುದು ಹೇಗೆ? ಶುಚಿತ್ವ, ಲಸಿಕೆ, ಒಳ್ಳೆಯ ವಸತಿಗಳ ಜೊತೆಗೆ ಆಹಾರದ ಹದವೂ ಇದಕ್ಕೆ ಒಂದು ಉತ್ತರ. ಹಿಂದೆ ಯಾವ ಅಮೈನೋ ಆಮ್ಲವೂ ಕಡಿಮೆಯಾಗಬಾರದೆಂದು ಹಿಂಡಿಯನ್ನೂ ಮೀನಿನ ಪುಡಿಯನ್ನೂ ಧಾರಾಳವಾಗಿ ಸೇರಿಸುತ್ತಿದ್ದರು. ಒಂದು ಬಣ್ಣದ ಹೂವಿಗಾಗಿ ಇಡೀ ಬುಟ್ಟಿ ಹೂವನ್ನು ಕೊಂಡಂತೆ ಅದು. ಈಗ ಕೋಳಿಗೆ ಬೇಕಾದ ಅಮೈನೋ ಆಮ್ಲಗಳನ್ನು ಲೈಸೀನಿಗೆ ಹೋಲಿಸಿ ಇಂತಿಷ್ಟು ಎಂದು ಲೆಕ್ಕಹಾಕಲಾಗುತ್ತದೆ. ಒಟ್ಟು ಸಸಾರಜನಕವನ್ನು ತಗ್ಗಿಸಿ, ಕೊರತೆಯಾಗುವ ಮಿಥಿಯೊನೀನ್, ಲೈಸೀನ್, ಥ್ರಿಯೊನೀನ್‌ಗಳನ್ನು ಶುದ್ಧರೂಪದಲ್ಲಿ ಬೆರೆಸಲಾಗುತ್ತದೆ. ಇವು ಸಣ್ಣಕರುಳಿನ ಮೇಲ್ಭಾಗದಲ್ಲಿಯೇ ಹೀರಲ್ಪಡುವುದರಿಂದ ಕುರುಡುಕರುಳನ್ನು ಮುಟ್ಟುವುದು ಬಹಳ ಕಡಿಮೆ. ಕೊಳೆಯುವ ಸಸಾರಜನಕವೂ ಅಲ್ಲಿಗೆ ಕಡಿಮೆಯಾಗಿಯೇ ತಲುಪುತ್ತದೆ. ಆಹಾರದ ಸಸಾರಜನಕವನ್ನು ಶೇಕಡ 20ರಿಂದ 19ಕ್ಕೆ ಇಳಿಸಿದರೆ ಹಿಕ್ಕೆಯಲ್ಲಿ ಪೋಲಾಗುವ ಸಾರಜನಕವು ಸುಮಾರು ಹತ್ತನೆಯ ಒಂದು ಭಾಗದಷ್ಟು ತಗ್ಗುತ್ತದೆ. ಭತ್ತದ ಹೊಟ್ಟಿನ ಹಾಸು ಒಣಗಿ, ಅಮೋನಿಯದ ಘಾಟು ಇಳಿದು, ಕೋಳಿಗಳ ಕಣ್ಣು, ಅಂಗಾಲುಗಳಿಗೂ ಅವುಗಳ ನಡುವೆ ಕೆಲಸಮಾಡುವವರಿಗೂ ಹಿತವಾಗುತ್ತದೆ.

ಹೀಗೆ ಬೆರೆಸುವ ಲೈಸೀನ್ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿದರೆ ಮತ್ತೊಂದು ಅಚ್ಚರಿ ಕಾದಿದೆ. 1956ರಲ್ಲಿ ಜಪಾನಿನ ಸಂಶೋಧಕರು ಗ್ಲುಟಾಮಿಕ್ ಆಮ್ಲವನ್ನು ಧಾರಾಳವಾಗಿ ಹೊರಸೂಸುವ ಒಂದು ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಅದರ ಮಾರ್ಪಡಿಸಿದ ತಳಿಗಳು ಕಾರ್ಖಾನೆಗಳ ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆಯ ಪಾಕವನ್ನು ತಿಂದು ಲೈಸೀನನ್ನು ತಯಾರಿಸುತ್ತವೆ. ಬ್ಯಾಕ್ಟೀರಿಯ ತಯಾರಿಸಿದ ಅಮೈನೋ ಆಮ್ಲವನ್ನು ಕೋಳಿ ತಿನ್ನುತ್ತದೆ. ಅದರಿಂದ ಕೋಳಿಯ ಕರುಳಿನ ಬ್ಯಾಕ್ಟೀರಿಯಗಳ ಸಮತೋಲ ಉಳಿಯುತ್ತದೆ. ಕಿರುಜೀವಿಗಳ ಉಪಕಾರ ಕೋಳಿಯ ಒಳಗೂ ಇದೆ, ಹೊರಗೂ ಇದೆ.

ಈ ವಿಷಯದಲ್ಲಿ ಎಲ್ಲವೂ ಸರಳವಾಗಿದೆಯೆಂದು ಭಾವಿಸಲಾಗದು. ಸಸಾರಜನಕವನ್ನು ಮಿತಿಮೀರಿ ಇಳಿಸಿದರೆ ಗ್ಲೈಸೀನಿನಂತಹ ಬೇರೆ ಕೊರತೆಗಳು ತಲೆದೋರಿ ಬೆಳವಣಿಗೆ ಕುಂಠಿತವಾಗುತ್ತದೆ. ಹಕ್ಕಿಯ ವಯಸ್ಸು, ತಳಿ, ನೆಲದ ಹಾಸು, ಹವೆಯ ಶಾಖ ಇವೆಲ್ಲವೂ ಕರುಳಿನ ಬ್ಯಾಕ್ಟೀರಿಯಗಳನ್ನು ಬದಲಿಸುತ್ತವೆ. ಒಂದು ಕಡೆ ಫಲಿಸಿದ ಲೆಕ್ಕಾಚಾರವು ಮತ್ತೊಂದು ಕಡೆ ಅಷ್ಟೇ ಚೆನ್ನಾಗಿ ಫಲಿಸಬೇಕೆಂಬ ನಿಯಮವಿಲ್ಲ. ಅದಕ್ಕಾಗಿಯೇ ಪ್ರಯೋಗಶಾಲೆಯ ವಿಜ್ಞಾನಿಗೆ ಎಷ್ಟು ತಾಳ್ಮೆ ಬೇಕೋ, ದಿನವೂ ಹಿಕ್ಕೆಯ ಬಣ್ಣವನ್ನೂ ಹಾಸಿನ ತೇವವನ್ನೂ ಗಮನಿಸುವ ಸಾಕಣೆಗಾರನಿಗೂ ಅಷ್ಟೇ ತಾಳ್ಮೆ ಬೇಕು.

ಒಂದು ಕಾಲದಲ್ಲಿ ಬ್ಯಾಕ್ಟೀರಿಯವೆಂದರೆ ಕೊಲ್ಲಬೇಕಾದ ಶತ್ರುವೆಂದೇ ತಿಳಿಯಲಾಗಿತ್ತು. ಇಂದು ಆ ಭಾವನೆ ಬದಲಾಗಿದೆ. ಅವುಗಳಲ್ಲಿ ಬಹುಪಾಲು ನೆರೆಹೊರೆಯವರು. ಕೆಲವು ಮಾತ್ರ ಕೇಡಿಗರು. ಆ ಕೇಡಿಗರಿಗೂ ಬಲ ಬರುವುದು ಅತಿಯಾಗಿ ಸುರಿದ ಆಹಾರದಿಂದ, ಬಿರುಕು ಬಿಟ್ಟ ಗೋಡೆಯಿಂದ. ಎಲ್ಲರನ್ನೂ ಹೊಡೆದೋಡಿಸುವ ಔಷಧಿಗಿಂತ ಯಾರಿಗೆ ಎಷ್ಟು ಬಡಿಸಬೇಕೆಂಬ ವಿವೇಕವೇ ಮೇಲು. ಕೋಳಿಗೆ ಸಾಕಷ್ಟು, ಕರುಳಿನ ಒಳ್ಳೆಯ ಒಕ್ಕಲಿಗೆ ಸಾಕಷ್ಟು, ಕೊಳೆಯಲು ಏನೂ ಉಳಿಯದಷ್ಟು: ಈ ಹದವನ್ನು ಕಂಡುಕೊಂಡಷ್ಟೂ ಕೋಳಿಯು ಆರೋಗ್ಯವಾಗಿರುತ್ತದೆ, ನೆಲ ನೀರುಗಳು ಶುದ್ಧವಾಗಿರುತ್ತವೆ, ಮುಂದಿನ ತಲೆಮಾರಿನ ರೋಗಿಗಳಿಗೆಂದು ಔಷಧಿಗಳ ಶಕ್ತಿಯೂ ಉಳಿದಿರುತ್ತದೆ.